ಸ್ಟೈಫಂಡು ಇಲ್ಲದ ಟ್ರೈನಿಂಗು

ಇವತ್ತು ನನ್ನ ಮೊಮ್ಮಗಳಿಗೆ ನಾನೇ ನೀರು ಹಾಕಿದೆ. ಬಚ್ಚಲ ನೆಲದ ಮೇಲೆ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಕಾಲ ಮೇಲೆ ಕೂಸನ್ನ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿದೆ. ಬೆನ್ನಿಗೆ ನೀರು ಬಿದ್ದದ್ದೇ ತಡ, ಅಳ್ತಿದ್ದ ಕೂಸು ಏನೋ ಕೇಳಿಸಿಕೊಳ್ಳೋ ಹಾಗೆ ಸುಮ್ಮನಾಯ್ತು. ಆಮೇಲೆ ಕೂಸನ್ನ ಮಗಳ ಕೈಗೆ ಕೊಟ್ಟು, ನಾನು ಗೋಡೆ ಹಿಡೀದೆ ಎದ್ದೆ. ಯಾರ ಕೈಯನ್ನೂ ಹಿಡೀಲಿಲ್ಲ. ನಾಲ್ಕನೇ ಕ್ಲಾಸಿಗೆ ಇಸ್ಕೂಲು ಬಿಟ್ಟವಳು ನಾನು, ಆದ್ರೂ ಇದನ್ನ ಬರೆದಿಡದೆ ಇರೋಕಾಗ್ತಿಲ್ಲ.

ಒಂದು ವರ್ಷದ ಹಿಂದೆ ನನ್ನ ಮಂಡಿ ಕೆಟ್ಟು ಕೂತಿತ್ತು. ಕುರ್ಚಿಯಿಂದ ಏಳೋಕೂ ನಮ್ಮನೆಯವರ ಹೆಗಲು ಬೇಕಿತ್ತು. ಅದೇ ಹೊತ್ತಿಗೆ ಶಿವಮೊಗ್ಗದಲ್ಲಿರೋ ಮಗಳು ಬಸುರಿ ಅಂತ ಗೊತ್ತಾಯ್ತು. ಬಾಣಂತನ ಭದ್ರಾವತಿಯಲ್ಲಿ, ನಮ್ಮ ಮನೇಲೇ. ಆದ್ರೆ ಕೂಸಿಗೆ ನೀರು ಹಾಕೋರು ಯಾರು? ಮಗಳಿಗೆ ನಮ್ಮಮ್ಮ ಹಾಕಿದ್ದು, ನನಗೆ ನಮ್ಮಜ್ಜಿ. ನನ್ನ ಸರದಿ ಬಂದಾಗ ನೆಲಕ್ಕೆ ಕೂರೋಕೇ ಆಗಲ್ಲ ಅಂದ್ರೆ ಹೇಗೆ ಅಂತ ಒಳಗೊಳಗೇ ಅತ್ತಿದ್ದೀನಿ. ತೊಡೆಯಲ್ಲಿ ಬಲ ಇಲ್ಲ, ವ್ಯಾಯಾಮ ಮಾಡಿದ್ರೆ ಮಂಡಿ ಕೇಳುತ್ತೆ ಅಂದ್ರು ಡಾಕ್ಟ್ರು.

ಒಂದು ದಿನ ಮಗಳು ಫೋನ್ ಮಾಡಿ, ನಿನಗೆ ಟ್ರೈನಿಂಗಿಗೆ ಗೊತ್ತು ಮಾಡಿದ್ದೀನಿ, ವಾರಕ್ಕೆ ಮೂರು ದಿನ, ತಿಂಗಳಿಗೆ ಆರು ಸಾವಿರ ಅಂದು ಇಟ್ಟುಬಿಟ್ಟಳು. ನಾನು ನಮ್ಮನೆಯವರನ್ನ ಕೇಳಿದೆ. ಅವರು ಕಾರ್ಖಾನೇಲಿ ಮೂವತ್ತೈದು ವರ್ಷ ದುಡಿದವರು. ಸೇರಿದಾಗ ಮೊದಲ ವರ್ಷ ಟ್ರೈನಿಯಾಗಿದ್ದರು. ಟ್ರೈನಿಂಗು ಅಂದ್ಮೇಲೆ ಸ್ಟೈಫಂಡು ಇದ್ದೇ ಇರುತ್ತೆ, ಪೂರ್ತಿ ಸಂಬಳ ಅಲ್ಲ, ಕಲಿಯೋರಿಗೆ ಕೊಡೋ ಕೈಖರ್ಚು ಅಂತ ಬಿಡಿಸಿ ಹೇಳಿದ್ರು. ಆರು ಸಾವಿರ ಕಡಿಮೆಯೇನಲ್ಲ ಅಂತಲೂ ಸೇರಿಸಿದ್ರು.

ಈ ವಯಸ್ಸಲ್ಲಿ ನನಗೆ ನೌಕರಿ! ನಮ್ಮನೆಯವರ ಹಳೇ ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು, ಅವರ ಹೆಗಲು ಹಿಡಿದು ಶಿವಮೊಗ್ಗದ ಬಸ್ಸು ಹತ್ತೋಕೆ ಶುರು ಮಾಡಿದೆ. ಪಕ್ಕದ ಮನೆ ತಮಿಳಮ್ಮ ಬಾಗಿಲಲ್ಲೇ ನಿಂತು, "ಏನಮ್ಮಾ, ಫಸ್ಟ್ ಶಿಫ್ಟಾ?" ಅಂತ ಕೇಳೋಳು. ಹೂಂ ಅನ್ನೋಳು ನಾನು.

ಟ್ರೈನರ್ ಅಂದ್ರೆ ಒಂದು ಹುಡುಗಿ, ನನ್ನ ಮಗಳಿಗಿಂತ ಚಿಕ್ಕೋಳು. ಕುರ್ಚಿ ಮೇಲೆ ಕೂತ್ಕೊಳ್ಳಿ ಅಜ್ಜಿ, ಏಳಿ ಅಜ್ಜಿ, ಮತ್ತೆ ಕೂತ್ಕೊಳ್ಳಿ. ಇಷ್ಟೇ ಕೆಲಸ. ಕೂತು ಏಳೋಕೆ ದುಡ್ಡು ಕೊಡ್ತಾರಲ್ಲ, ಇವರಿಗೇನು ಲಾಭ ಅಂತ ತಲೆ ಕೆಡಿಸಿಕೊಳ್ತಿದ್ದೆ. ಸುಮ್ಮನೆ ತಿನ್ನಬಾರದು ಅಂತ ಅವಳು ಹತ್ತು ಸಲ ಅಂದ್ರೆ ಹನ್ನೆರಡು ಸಲ ಏಳ್ತಿದ್ದೆ. ಬರೋ ದುಡ್ಡಿಗೆ ಗಾಂಧಿ ಬಜಾರಿನ ಅಂಗಡೀಲಿ ಕೂಸಿಗೆ ಬೆಳ್ಳಿ ಉಡಿದಾರವನ್ನೂ ನೋಡಿ ಇಟ್ಟಿದ್ದೆ.

ತಿಂಗಳು ತುಂಬಿತು. ಯಾರೂ ಏನೂ ಕೊಡಲಿಲ್ಲ. ನಾಚಿಕೆ ಬಿಟ್ಟು, ನನ್ನ ಸ್ಟೈಫಂಡು ಯಾವಾಗಮ್ಮ ಅಂತ ಆ ಹುಡುಗೀನ ಕೇಳಿದೆ. ಅವಳಿಗೆ ಆ ಮಾತೇ ತಿಳೀಲಿಲ್ಲ. ದುಡ್ಡಿನ ವಿಷಯ ಎಲ್ಲ ನಿಮ್ಮ ಮಗಳ ಹತ್ರ ಮುಗಿದಿದೆ ಅಜ್ಜಿ ಅಂದಳು.

ನನ್ನ ದುಡ್ಡು ಮಗಳು ಇಸ್ಕೊಂಡಳಾ? ಅಲ್ಲಿಂದ ಆಟೋ ಹಿಡಿದು ನೇರ ಅವಳ ಮನೆಗೆ ಹೋಗಿ ಕೇಳಿಯೇಬಿಟ್ಟೆ. ಅವಳು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕಳು. ಆರು ಸಾವಿರ ನಮಗೆ ಬರೋದಲ್ಲವಂತೆ, ಕೂಸಿಗೆ ನಾನೇ ನೀರು ಹಾಕೋ ಹಾಗೆ ಮಂಡಿ ಗಟ್ಟಿ ಮಾಡಿಕೊಡೋದಕ್ಕೆ ನಾವು ಕೊಡೋದಂತೆ.

ಮೈ ಬಗ್ಗಿಸೋಳು ನಾನು, ಬೆವರು ನಂದು, ಬಸ್ಸಿಗೆ ಎದ್ದು ಓಡೋಳು ನಾನು. ದುಡ್ಡೂ ನಮ್ಮದೇನಾ? ಇದ್ಯಾವ ನ್ಯಾಯ ಮಾರಾಯ್ತಿ, ನಾಳೆಯಿಂದ ಹೋಗಲ್ಲ ಅಂದೆ. ನೀರು ಹಾಕೋ ಹೆಂಗಸರು ಊರಲ್ಲಿ ಸಿಗ್ತಾರೆ, ಇನ್ನೂ ಕಡಿಮೆಗೆ ಬರ್ತಾರೆ ಅಂದೆ.

ಮಗಳ ನಗು ನಿಂತಿತು.

"ಸಿಗ್ತಾರಮ್ಮ. ಆದ್ರೆ ನನ್ನ ಮಗು ನಿನ್ನ ಕಾಲ ಮೇಲೇ ಮಲಗಬೇಕು."

ಮುಂದಿನ ಸಲ ಡಬ್ಬಿ ಹಿಡಿದು ಹೊರಟಾಗ ತಮಿಳಮ್ಮನಿಗೆ ಮುಖ ತೋರಿಸದೆ ಬೇಗ ಬೇಗ ಹೋದೆ. ಕುರ್ಚಿ ಬಿಟ್ಟು ಗಿಡ್ಡ ಮಣೆ ಬಂತು, ಮಣೆ ಬಿಟ್ಟು ನೆಲ ಬಂತು. ಏಳುವಾಗ ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು, ಅಂಗೈ ತೊಡೆ ಮೇಲೆ ಒತ್ತಿ ಏಳಬೇಕು ಅಂತ ಹುಡುಗಿ ಕಲಿಸಿದಳು. ನಡುವೆ ಎರಡು ಸಲ ನೋವು ಜಾಸ್ತಿಯಾಗಿ, ಇದು ನನ್ನ ಕೈಲಾಗಲ್ಲ ಅಂತ ಕೂತುಬಿಟ್ಟಿದ್ದೆ. ಇವತ್ತು ಬಚ್ಚಲಲ್ಲಿ ಅದೇ ಮಂಡಿ, ಅದೇ ಪಾದ. ಬೆಳ್ಳಿ ಉಡಿದಾರ ಅಂಗಡೀಲೇ ಉಳೀತು, ಕೂಸಿನ ಸೊಂಟಕ್ಕೆ ಕರಿ ದಾರ ಕಟ್ಟಿದ್ದೀನಿ.

ಸಂಜೆ ಆ ಹುಡುಗೀನೂ ಊಟಕ್ಕೆ ಕರೆದಿದ್ದೆ. ಅಳಿಯಂದಿರೂ ಬಂದಿದ್ದರು. ನಡುಮನೇಲಿ ಎಲ್ಲರೂ ನೆಲಕ್ಕೇ ಕೂತೆವು. ನಮ್ಮನೆಯವರು ಅಭ್ಯಾಸದ ಮೇಲೆ ನನಗೊಂದು ಕುರ್ಚಿ ಎಳೆದು ತಂದರು, ನಾನು ಆಗಲೇ ಕೂತದ್ದು ನೋಡಿ ಅದರ ಮೇಲೆ ನೀರಿನ ಚೊಂಬು ಇಟ್ಟರು. ಅಕ್ಕಿ ರೊಟ್ಟಿ, ಸೊಪ್ಪಿನ ಪಲ್ಯ, ಶಾವಿಗೆ ಪಾಯಸ. ಮಗಳು ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಒಂದೇ ಕೈಯಲ್ಲಿ ತಿಂತಿದ್ದಳು.

ಹುಡುಗಿಯ ಅಕ್ಕನಿಗೂ ದಿನ ಹತ್ತಿರ ಬಂದಿದೆಯಂತೆ. ನೀರು ಹಾಕೋದು ನನಗೂ ಕಲಿಸಿ ಅಜ್ಜಿ ಅಂದಳು. ಹಾಗಾದ್ರೆ ಈಗ ಅಮ್ಮನೇ ಟ್ರೈನರು, ನೀನೇ ಫೀಸು ಕೊಡಬೇಕು ಅಂತ ಮಗಳು ಕಾಲೆಳೆದಳು.

ನಮ್ಮನೆಯವರು ರೊಟ್ಟಿ ಮುರೀತಾ, ತಲೆ ಎತ್ತದೆ ಅಂದರು: "ಅದ್ಹೇಗೆ? ಕಲಿಯೋಳು ಅವಳು. ಸ್ಟೈಫಂಡು ನಾವು ಕೊಡಬೇಕು."

ಯಾರು ಯಾರಿಗೆ ಕೊಡಬೇಕೋ ನನಗಂತೂ ಇನ್ನೂ ತಿಳಿದಿಲ್ಲ. ಆ ಹುಡುಗಿಯ ತಟ್ಟೆಗೆ ಇನ್ನೊಂದು ಸೌಟು ಪಾಯಸ ಹಾಕಿದೆ.