ಮೊಣಕೈ ಟೀಚರ್

ಈ ಟೀಚರ್ ಬಗ್ಗೆ ಬರೆಯುವುದಕ್ಕೆ ಕಾರಣ ಒಂದೇ. ಯಾರೂ ಬೆರಳು ತೋರಿಸುವ ಮೊದಲೇ ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿದ್ದು ಇವರೊಬ್ಬರನ್ನೇ. ಹೇಳಿ ಕೈತೊಳೆದುಕೊಳ್ಳಲೂ ಇಲ್ಲ. ಇವತ್ತಿಗೂ ಅದನ್ನು ಸರಿಮಾಡಲು ಒದ್ದಾಡುತ್ತಿದ್ದಾರೆ. ಸರಿಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ. ಅವರಿಗೂ ಇದ್ದಂತಿಲ್ಲ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಮಷೀನು ನೋಡಿಕೊಳ್ಳುತ್ತೇನೆ. ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೋಗುತ್ತಾಳೆ. ನಮಗೊಬ್ಬಳೇ ಮಗಳು. ಎದೆಯೆತ್ತರ ಬೆಳೆದರೂ ಮನೆಯಲ್ಲಿ ಅವಳು ಕೂಸೇ. ಮಾತು ಬರುವುದಿಲ್ಲ. ಹೇಳಿದ್ದು ಸ್ವಲ್ಪ ಸ್ವಲ್ಪ ತಿಳಿಯುತ್ತದೆ. ಚಿಕ್ಕವಳಿದ್ದಾಗ ಎರಡು ಶಾಲೆಯವರು ಬಾಗಿಲಲ್ಲೇ ನೋಡಿ ವಾಪಸ್ ಕಳಿಸಿದರು. ಮೂರನೆಯ ಶಾಲೆಯಲ್ಲಿ, ಮುರಿದ ಬೆಂಚು ತುಂಬಿದ್ದ ಉಗ್ರಾಣದ ಪಕ್ಕದ ಕೋಣೆಯಲ್ಲಿ, ಈ ಟೀಚರ್ ಇದ್ದರು. ಬೇರೆ ಕ್ಲಾಸಿನಲ್ಲಿ ಕೂರಲಾಗದ ಮಕ್ಕಳೆಲ್ಲ ಅವರ ಪಾಲಿಗೆ.

"ಇವಳಿಗೆ ಏನು ಕಲಿಸ್ತೀರಾ ಟೀಚರ್?" ಎಂದು ಕೇಳಿದೆ.

"ಮನೇಲಿ ಇವಳಿಗೆ ಏನೇನು ನೀವೇ ಮಾಡಿಕೊಡ್ತೀರಾ, ಅದನ್ನ ಹೇಳಿ."

"ಎಲ್ಲಾನೂ ನಾವೇ" ಎಂದಳು ನನ್ನ ಹೆಂಡತಿ. "ಅಂಗಿ ಗುಂಡಿ ಹಾಕೋದು ಸಹ."

"ಸರಿ ಬಿಡಿ, ಗುಂಡಿಯಿಂದಲೇ ಶುರು. ಕೊನೇ ಗುಂಡಿಯಿಂದ."

ಅವರು ಕಲಿಸುವುದೇ ಹಾಗೆ, ಹಿಂದುಮುಂದಾಗಿ. ಎಲ್ಲ ಗುಂಡಿ ತಾವೇ ಹಾಕುತ್ತಾರೆ. ಕೊನೆಯದನ್ನು ಅರ್ಧ ತೂರಿಸಿ ಬಿಡುತ್ತಾರೆ. ಕೂಸು ಎಳೆದರೆ ಸಾಕು, ಕೆಲಸ ಮುಗಿಯಿತು. ಮರುವಾರ ಕೊನೆಯ ಗುಂಡಿ ಪೂರ್ತಿ ಅವಳದು. ಆಮೇಲೆ ಅದರ ಹಿಂದಿನದು. "ಮೊದಲಿಂದ ಕಲಿಸಿದ್ರೆ ಮಗು ಅರ್ಧ ದಾರೀಲಿ ಸೋತು ಕೂತ್ಕೊಳ್ಳುತ್ತೆ. ಕೊನೆಯಿಂದ ಕಲಿಸಿದ್ರೆ ದಿನಾ ಗೆದ್ದೇ ಏಳುತ್ತೆ" ಎನ್ನುತ್ತಿದ್ದರು. ಮಗಳು ಮೇಲಿನ ಗುಂಡಿಯವರೆಗೆ ಬಂದ ದಿನ ನನ್ನ ಹೆಂಡತಿ ಅದೇ ಅಂಗಿಯನ್ನು ಬಿಚ್ಚಿಸಿ ಹಾಕಿಸಿ ಬಿಚ್ಚಿಸಿ ಹಾಕಿಸಿ ಮಗಳಿಗೇ ಬೇಜಾರು ಬರಿಸಿದಳು.

ಇನ್ನೊಂದು ಅವರ ಕೈ. ಹೊಸ ಕೆಲಸ ಕಲಿಸುವಾಗ ಮಗುವಿನ ಕೈಮೇಲೆ ತಮ್ಮ ಕೈಯಿಟ್ಟು ಮಾಡಿಸುತ್ತಾರೆ. ಸ್ವಲ್ಪ ಬಂತು ಅಂದಮೇಲೆ ಮಣಿಕಟ್ಟು ಮಾತ್ರ ಹಿಡಿಯುತ್ತಾರೆ. ಇನ್ನೂ ಬಂದಮೇಲೆ ಮೊಣಕೈಗೆ ಒಂದು ಬೆರಳು ತಾಗಿಸುತ್ತಾರೆ, ನೊಣ ಕೂತು ಎದ್ದ ಹಾಗೆ. ಅಷ್ಟಾದರೆ ಮಗು ಕೆಲಸ ಶುರು ಮಾಡುತ್ತದೆ. ಆ ಬೆರಳು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ ದೊಡ್ಡವರನ್ನೂ ಬಿಡುತ್ತಿರಲಿಲ್ಲ. ಶಾಲೆಯ ಜವಾನನಿಗೆ ಕುರ್ಚಿ ತರಲು ಹೇಳುವಾಗಲೂ ಮೊಣಕೈ ತಟ್ಟುತ್ತಿದ್ದರು.

"ಟೀಚರ್, ನಂಗೆ ಕಿವಿ ಚೆನ್ನಾಗೇ ಕೇಳಿಸುತ್ತೆ. ಹೇಳಿದ್ರೆ ಸಾಕು" ಎನ್ನುತ್ತಿದ್ದ ಅವನು. ಮೊಣಕೈ ಟೀಚರ್ ಎಂದು ಹೆಸರಿಟ್ಟವನೂ ಅವನೇ. ಎಲ್ಲರೂ ನಕ್ಕೆವು. ಅವರೂ ನಕ್ಕರು. ಅದರಲ್ಲಿ ನಗುವಂಥದ್ದೇನೂ ಇಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಹದಿನೆಂಟು ತುಂಬಿದರೆ ಶಾಲೆ ಬಿಡಬೇಕು. ಬಿಟ್ಟಮೇಲೆ ಏನು? ನಾವಿಬ್ಬರೂ ಕೆಲಸಕ್ಕೆ ಹೋಗದಿದ್ದರೆ ಒಲೆ ಹತ್ತುವುದಿಲ್ಲ. ಹೋದರೆ ಮಗಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಬೇಕು. ಆ ಬೀಗ ನೆನೆದರೆ ನನ್ನ ಹೆಂಡತಿ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದಳು. ಟೀಚರ್ ಹತ್ತಿರ ಹೇಳಿಕೊಂಡೆವು.

"ನಿಮ್ಮ ಲಾಂಡ್ರೀಲಿ ದಿಂಬಿನ ಕವರ್ ಮಡಚೋರು ಇದ್ದಾರಲ್ಲ?" ಎಂದರು. "ಇವಳು ಮಡಚ್ತಾಳೆ. ಕೇಳಿ ನೋಡಿ."

ಲಾಂಡ್ರಿಯ ಧಣಿಯನ್ನು ಕೇಳಿದೆ. ಅವರು ನಕ್ಕರು, ಆದರೆ ಇಲ್ಲವೆನ್ನಲಿಲ್ಲ. "ಒಂದು ದಿನ ಕರ್ಕೊಂಡು ಬಾರಯ್ಯ. ಮಡಚಿದ್ರೆ ಇರಲಿ, ಇಲ್ಲದಿದ್ರೆ ಇಲ್ಲ" ಎಂದರು.

ಟೀಚರ್ ಮೊದಲು ತಾವೇ ಲಾಂಡ್ರಿಗೆ ಬಂದು ಮಡಚುವ ಹೆಂಗಸರ ಸಾಲಿನಲ್ಲಿ ನಿಂತರು.

"ಏನ್ ಟೀಚರಮ್ಮ, ಶಾಲೆಯಿಂದ ಓಡಿಸಿಬಿಟ್ರಾ?" ಎಂದಳು ಒಬ್ಬಳು.

"ಇನ್ನೂ ಇಲ್ಲಮ್ಮ. ಓಡಿಸಿದ್ರೆ ನಿನ್ನ ಪಕ್ಕದಲ್ಲೇ ಒಂದು ಜಾಗ ಹಿಡಿದಿಡು."

ಹೊಲಿಗೆ ಎಡಕ್ಕೆ, ಉದ್ದಕ್ಕೆ ಒಂದು ಮಡಿಕೆ, ಅಂಗೈಯಿಂದ ಸುಕ್ಕು ತೆಗೆಯುವುದು, ಅಡ್ಡಕ್ಕೆ ಎರಡು ಮಡಿಕೆ, ಕವರಿನ ಬಾಯಿ ಒಳಗೆ ಬರುವ ಹಾಗೆ ರಾಶಿಗೆ ಇಡುವುದು. ಕಲಿತುಕೊಂಡು ಹೋಗಿ ಶಾಲೆಯ ಮೇಜಿನ ಮೇಲೆ ಬಣ್ಣದ ಟೇಪು ಅಂಟಿಸಿ ಗುರುತು ಮಾಡಿದರು. ಮತ್ತೆ ಕೊನೆಯಿಂದ ಶುರು. ಮೊದಲು ರಾಶಿಗೆ ಇಡುವುದು ಮಾತ್ರ ಕೂಸಿನ ಕೆಲಸ. ನಾನು ಒಂದು ದಿನ ಹೋಗಿ ನೋಡಿದಾಗ ಅವಳು ಒಂದಾದ ಮೇಲೊಂದು ಕವರ್ ಮಡಚುತ್ತಿದ್ದಳು, ಅಂಚಿಗೆ ಅಂಚು ಸೇರಿಸಿ. ಟೀಚರ್ ಪಕ್ಕದಲ್ಲೇ ನಿಂತು ಇನ್ನೊಂದು ಮಗುವಿನ ಜೊತೆ ಮಾತಾಡುತ್ತಿದ್ದರು. ನನಗೆ ಕಂಡಿದ್ದು ಅಷ್ಟೇ. ನನ್ನ ಕಣ್ಣು ಕವರಿನ ಮೇಲಿತ್ತು, ಟೀಚರ್ ಬೆರಳಿನ ಮೇಲಿರಲಿಲ್ಲ.

ಪರೀಕ್ಷೆಯ ದಿನ ಹೆಂಡತಿ ಮಗಳಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಳು. ಲಾಂಡ್ರಿಯ ಬಾಗಿಲಲ್ಲಿ ಧಣಿ ಟೀಚರನ್ನು ತಡೆದರು. "ನೀವು ಹೊರಗಿರಿ ಟೀಚರ್. ನಾಳೆಯಿಂದ ದಿನಾ ನೀವು ಬರ್ತೀರಾ?"

"ಅದೂ ಸರಿ" ಎಂದು ಅವರು ನಗುತ್ತಲೇ ಹೊರಗೆ ನಿಂತರು.

ಮೇಜಿನ ಮೇಲೆ ಬಿಸಿ ಕವರುಗಳ ರಾಶಿ. ಕೂಸು ಒಂದನ್ನು ಎತ್ತಿಕೊಂಡಳು. ಹರಡಿದಳು. ಹೊಲಿಗೆ ಎಡಕ್ಕೆ ತಿರುಗಿಸಿದಳು. ಅಲ್ಲಿಗೆ ನಿಂತಳು.

ಕಾದೆವು. ಅವಳೂ ಕಾದಳು.

"ಮಡಚು ಕೂಸೇ" ಎಂದೆ. ನನ್ನ ಕಡೆ ನೋಡಲಿಲ್ಲ. ಬಲ ಮೊಣಕೈಯನ್ನು ಮಾತ್ರ ಸ್ವಲ್ಪ ಹೊರಕ್ಕೆ ಚಾಚಿ ನಿಂತಳು. ಹೊಸ ಜಾಗ, ಹೆದರಿಕೆ ಎಂದುಕೊಂಡೆ. ಮಡಚುವ ಹೆಂಗಸರು ಕೈ ನಿಲ್ಲಿಸಿ ನೋಡತೊಡಗಿದರು.

"ಸಾರ್, ಟೀಚರನ್ನ ಒಂದ್ಸಲ ಒಳಗೆ ಕರೀಲಾ?" ಎಂದೆ ಧಣಿಗೆ.

"ಕರಿ."

ಟೀಚರ್ ಒಳಗೆ ಕಾಲಿಟ್ಟರು. ಆ ಚಾಚಿದ ಮೊಣಕೈ ನೋಡಿದರು. ಅವರ ನಗು ಅಲ್ಲಿಗೇ ನಿಂತಿತು. ಮೆಲ್ಲಗೆ ಬಂದು ಒಂದು ಬೆರಳು ತಾಗಿಸಿದರು. ಕೂಸು ಚಕಚಕನೆ ಮಡಚಿ ರಾಶಿಗೆ ಇಟ್ಟಳು. ಇನ್ನೊಂದನ್ನು ಎತ್ತಿ ಹರಡಿ, ಮತ್ತೆ ಮೊಣಕೈ ಚಾಚಿದಳು.

"ಓಹೋ, ಸ್ವಿಚ್ಚು ಅಲ್ಲಿದೆಯೋ!" ಎಂದರು ಧಣಿ. ಹೆಂಗಸರು ನಕ್ಕರು. "ಒಂದು ಕೆಲಸಕ್ಕೆ ಇಬ್ಬರನ್ನ ನಾನೆಲ್ಲಿ ಇಟ್ಕೊಳ್ಳಲಯ್ಯ?"

ಟೀಚರ್ ನನ್ನ ಕಡೆ ತಿರುಗಿದರು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು. "ಇವಳ ತಪ್ಪಲ್ಲ. ಕೈಯಿಂದ ಮಣಿಕಟ್ಟು, ಮಣಿಕಟ್ಟಿಂದ ಮೊಣಕೈ. ಅದಾದಮೇಲೆ ಆ ಬೆರಳನ್ನೂ ತೆಗೀಬೇಕಿತ್ತು. ತೆಗೆದಿದ್ದೀನಿ ಅಂದ್ಕೊಂಡಿದ್ದೆ. ಮಡಚೋದು ಒಂದೇ ಅಲ್ಲ, ನನ್ನ ಬೆರಳಿಗೆ ಕಾಯೋದನ್ನೂ ಇವಳಿಗೆ ನಾನೇ ಕಲಿಸಿಬಿಟ್ಟಿದ್ದೀನಿ."

ಮಗಳು ಶಾಲೆ ಬಿಡುವ ದಿನದವರೆಗೆ ಧಣಿ ಸಮಯ ಕೊಟ್ಟರು. ಟೀಚರ್ ಶಾಲೆಯ ಮೇಜಿನ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತರು. ಒಂದು ಮಾರು ದೂರ ನಿಂತರು. ಬಾಗಿಲಾಚೆ ನಿಂತರು. ಕೂಸು ಕವರ್ ಹರಡಿಕೊಂಡು ಕಾಯುತ್ತಿದ್ದಳು. ಟೀಚರ್ ಬದಲು ನಾನು ಬೆರಳು ತಾಗಿಸಿ ನೋಡಿದೆ. ಕೈ ಎಳೆದುಕೊಂಡು, ಯಾರೋ ಗುರುತಿಲ್ಲದವನನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಲಾಂಡ್ರಿಗೆ ಎರಡನೆಯ ಸಲ ಕರೆದೊಯ್ದಾಗಲೂ ಅಷ್ಟೇ. ಈ ಸಲ ಯಾರೂ ನಗಲಿಲ್ಲ. ಅದೇ ಹೆಚ್ಚು ನೋವಾಯಿತು.

ಈಗ ಮನೆಗೆ ಬೀಗ ಹಾಕುತ್ತೇವೆ. ಬೆಳಗ್ಗೆ ನಾನು ಹಾಕುತ್ತೇನೆ, ಮಧ್ಯಾಹ್ನದ ಬಿಡುವಿನಲ್ಲಿ ಹೆಂಡತಿ ಓಡಿ ಬಂದು ತೆಗೆದು, ಉಣಿಸಿ, ಮತ್ತೆ ಹಾಕುತ್ತಾಳೆ. ಮಗಳು ಒಳಗಿನಿಂದ ಬಾಗಿಲು ಬಡಿಯುವುದಿಲ್ಲ. ಬಡಿದಿದ್ದರೆ ವಾಸಿಯಿತ್ತು.

ಸಂಜೆ ಶಾಲೆ ಬಿಟ್ಟಮೇಲೆ ಟೀಚರ್ ಬರುತ್ತಾರೆ. ಚೀಲದಲ್ಲಿ ಕವರುಗಳಿರುತ್ತವೆ. ಊಟದ ಮೇಜಿನ ಮೇಲೆ ಇಟ್ಟು, ಕೈ ಹಿಂದೆ ಕಟ್ಟಿ ಕಾಯುತ್ತಾರೆ. ಮೊನ್ನೆ ಕೂಸು ಮೊಣಕೈ ಚಾಚಿ ಚಾಚಿ ಸಾಕಾಗಿ, ಅವರ ಬೆನ್ನ ಹಿಂದೆ ಹೋಗಿ, ಕಟ್ಟಿದ ಕೈಯನ್ನು ಬಿಡಿಸಿ ಎಳೆದು ತನ್ನ ಮೊಣಕೈ ಮೇಲೆ ಇಟ್ಟುಕೊಂಡಳು. ಆಮೇಲೆ ಮಡಚಿದಳು. ಟೀಚರ್ ಗೋಡೆಯ ಕಡೆ ಮುಖ ಮಾಡಿ ನಿಂತರು.

"ಇನ್ನು ಸಾಕು ಬಿಡಿ ಟೀಚರ್" ಎಂದಳು ನನ್ನ ಹೆಂಡತಿ. "ನೀವೂ ಮನುಷ್ಯರೇ. ಒಂದು ಲೋಟ ನೀರಾದ್ರೂ ಕುಡೀರಿ."

"ಒಂದೇ ಕೈಗೆ ಅಂಟಿಕೊಂಡುಬಿಟ್ಟಿದ್ದಾಳೆ" ಎಂದರು ಅವರು. "ಬೇರೆ ಬೇರೆ ಜನರ ಪಕ್ಕದಲ್ಲಿ ನಿಂತು ಮಾಡಿದ್ದಿದ್ರೆ ಹೀಗಾಗ್ತಿರಲಿಲ್ಲ. ಆದ್ರೆ ಆ ಕೋಣೆಗೆ ನನ್ನ ಬಿಟ್ಟು ಇನ್ಯಾರು ಬರ್ತಾರೆ ಹೇಳಿ?"

ನಿಜ. ಉಳಿದ ಟೀಚರುಗಳು ಆ ಬಾಗಿಲು ದಾಟುವುದಿಲ್ಲ. ನಾವು ಹೆತ್ತವರು ಗೇಟಿನಲ್ಲೇ ಮಕ್ಕಳನ್ನು ಬಿಟ್ಟು ಓಡಿದೆವು. ಈಗ ಅಲ್ಲಿ ಚಿಕ್ಕ ಮಕ್ಕಳಿದ್ದಾರೆ, ಕೊನೆಯ ಗುಂಡಿ ಎಳೆಯುತ್ತಿದ್ದಾರೆ. ಅವರಿಗೂ ಇರುವುದು ಅದೇ ಒಂದು ಕೈ.

ನನ್ನ ಮಗಳಿಗೆ ತಡವಾಯಿತು. ನಿಮ್ಮ ಊರಿನ ಶಾಲೆಯಲ್ಲೂ ಇಂಥ ಒಂದು ಕೋಣೆ, ಇಂಥ ಒಬ್ಬರು ಟೀಚರ್ ಇರಬಹುದು. ಹೋಗಿ ನೋಡಿ. ಸಮಾಧಾನ ಹೇಳಬೇಡಿ, ಅವರಿಗೆ ಅದು ಬೇಡ. ಒಂದು ಮಗುವಿನ ಪಕ್ಕದಲ್ಲಿ ಕೂತುಕೊಳ್ಳಿ. ಅದು ಮೊಣಕೈ ಚಾಚಿದರೆ ಮುಟ್ಟಬೇಡಿ. ಕೈಯನ್ನು ನಿಮ್ಮ ಮಡಿಲಲ್ಲೇ ಇಟ್ಟುಕೊಂಡು, ಸುಮ್ಮನೆ ಕಾಯಿರಿ.