ಫ್ರೆಂಚ್ ಊಟದ ಪಾಠ

ಗಜೇಂದ್ರಗಡದ ಒಂದು ಖಾಸಗಿ ಶಾಲೆಯಲ್ಲಿ ನಾನು ಮಕ್ಕಳಿಗೆ ಫ್ರೆಂಚ್ ಕಲಿಸುತ್ತೇನೆ. ಧಾರವಾಡದಲ್ಲಿ ಎರಡು ವರ್ಷ ಕಲಿತ ಫ್ರೆಂಚ್ ನನ್ನದು. ಫ್ರಾನ್ಸ್ ನೋಡಿದ್ದು ಮೊಬೈಲಿನಲ್ಲಿ ಮಾತ್ರ. ಗತ್ತಿಗೇನೂ ಕಡಿಮೆ ಇರಲಿಲ್ಲ.

ಭಾಷೆಯೂ ಬದುಕೂ ಒಂದನ್ನೊಂದು ಹೇಗೆ ತಿದ್ದುತ್ತವೆ ಎಂದು ತೋರಿಸಲು ಒಂದು ದಿನ ಐದನೆಯ ತರಗತಿಯ ಮಕ್ಕಳನ್ನು ಊಟದ ಡಬ್ಬಿ ಸಮೇತ ಸುತ್ತ ಕೂರಿಸಿದ್ದೆ. ಪಾಲಕರನ್ನೂ ಕರೆದಿದ್ದೆ. ಫ್ರೆಂಚರಿಗೆ ಊಟವೆಂದರೆ ದೊಡ್ಡ ಸಂಗತಿ, ಅದಕ್ಕೇ ತುತ್ತೆತ್ತುವ ಮೊದಲು ‘ಬೋನಪೆತಿ’, ಅಂದರೆ ‘ಊಟ ರುಚಿಸಲಿ’ ಎಂದು ಹಾರೈಸುತ್ತಾರೆ, ಹಾಗೆ ಹಾರೈಸಲೆಂದೇ ಒಬ್ಬರಿಗೊಬ್ಬರು ಕಾಯುತ್ತಾರೆ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ನಮ್ಮಲ್ಲಿ ಅಂಥಾ ಮಾತss ಇಲ್ಲ. ನಾವು ಗಂಗಾಳ ಕಂಡಕೂಡ್ಲೆ ಬಿದ್ದು ಉಣ್ಣವ್ರು” ಎಂದೂ ಸೇರಿಸಿದೆ. ಪಾಲಕರು ನಕ್ಕರು.

ಅಷ್ಟರಲ್ಲಿ ಪಕ್ಕದ ಹಳ್ಳಿ ಮುಶಿಗೇರಿಯ ಹುಡುಗಿಯೊಬ್ಬಳ ತಾಯಿ, ಕೂಲಿಯಿಂದ ನೇರವಾಗಿ ಬಂದಾಕೆ, ಬಾಗಿಲಲ್ಲಿ ನಿಂತಳು. ಹುಡುಗಿ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು, “ಬಾ ಯವ್ವಾ, ಉಣ್ಣು ಬಾ” ಎಂದಳು. ಪಕ್ಕದ ಪಾಲಕರಿಗೂ, “ಬರ್ರಿ, ಊಟ ಮಾಡೂಣು” ಎಂದಳು. ನಮ್ಮ ಕಡೆ ಎದುರಿಗೆ ಯಾರೇ ಇದ್ದರೂ ಕರೆಯದೆ ಉಣ್ಣುವುದಿಲ್ಲ. ನನ್ನ ಅವ್ವ ನನಗೂ ಅದನ್ನೇ ಕಲಿಸಿದ್ದಳು. ನಾನು ಹೇಳಿದ್ದು ಸುಳ್ಳೆಂದು ಎಲ್ಲರಿಗೂ ಗೊತ್ತಾಯಿತೆಂದು ನನಗೆ ಸಿಟ್ಟು ಬಂತು.

“ಫ್ರೆಂಚ್ ಊಟಕ್ಕ ಹಿಂಗ ಹಾದಿ ಬೀದಿಯವರನ್ನ ಕರಿಯೂದಿಲ್ಲ. ಸುಮ್ನ ಕುಂದ್ರು” ಎಂದು ಗದರಿದೆ. ಮಗಳ ಎದುರಿಗೇ ಹೆತ್ತ ತಾಯಿಯನ್ನು ಹಾದಿ ಬೀದಿಯವಳೆಂದೆ!

“ತಪ್ಪಾತ್ರಿ ಟೀಚರ್ರ, ಆಕೀಗಿ ತಿಳಿಯಂಗಿಲ್ಲ” ಎಂದು ತಾಯಿಯೇ ನನ್ನ ಕ್ಷಮೆ ಕೇಳಿ ಹೊರಗೆ ಹೋದಳು. ಹುಡುಗಿ ಡಬ್ಬಿ ಮುಚ್ಚಿಬಿಟ್ಟಳು.

ಮುಂದೆ ಒಂದು ವಾರ ಅವಳು ಗೋಡೆಯ ಕಡೆ ಮುಖ ಮಾಡಿ ಉಂಡಳು. ನಾನು ನೋಡಿಯೂ ನೋಡದವಳಂತಿದ್ದೆ. ಕೊನೆಗೆ ನಾಚಿಕೆ ತಡೆಯಲಾರದೆ, ತಪ್ಪು ನನ್ನದೆಂದು ಇಬ್ಬರಿಗೂ ಹೇಳಲು ರವಿವಾರ ಮುಶಿಗೇರಿಗೆ ಹೋದೆ. ಹೊಲದ ಬದುವಿನಲ್ಲಿ ತಾಯಿ, ಮಗಳು ಬುತ್ತಿ ಬಿಚ್ಚಿ ಕುಳಿತಿದ್ದರು. ತಾಯಿ ಗಡಬಡಿಸಿ ಎದ್ದು, “ಬರ್ರಿ ಟೀಚರ್ರ” ಎನ್ನುತ್ತಿದ್ದಂತೆ ಮಗಳು ಸೆರಗು ಹಿಡಿದು ಜಗ್ಗಿದಳು.

“ಉಣ್ಣಾಕ ಕರೀಬ್ಯಾಡ ಯವ್ವಾ. ಅವರಿಗೆ ಸೇರೂದಿಲ್ಲ.”

ನಾನು ಹುಡುಗಿಯ ಎದುರಿಗೆ ನೆಲದ ಮೇಲೆ ಕುಳಿತು, “ನನಗೂ ಒಂದು ತುತ್ತು ಕೊಡ್ತಿಯೇನs?” ಎಂದೆ. ಕೊಡಬಹುದೋ ಬಾರದೋ ಎಂದು ಅವಳು ತಾಯಿಯ ಮುಖ ನೋಡಿದಳು.