ಇರುವೆ ಬಳೆ ತೊಟ್ಟ ಕತೆ ನನ್ನದಲ್ಲ

ಮೊಮ್ಮಕ್ಕಳೇ, ಕಳೆದ ತಿಂಗಳು ನಿಮ್ಮೆಲ್ಲರಿಗಿಂತ ದೊಡ್ಡವಳಾದ ನನ್ನ ಮೊಮ್ಮಗಳು ಕಾಲೇಜಿನಿಂದ ಬಂದವಳೇ ಒಂದು ಜೆರಾಕ್ಸ್ ಹಾಳೆಯನ್ನು ನನ್ನ ಮಡಿಲಲ್ಲಿಟ್ಟಳು. ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಒಂದು ಇರುವೆಯ ಚಿತ್ರ, ಅದರ ಆರು ಕಾಲಿಗೂ ಬಳೆ. ಎಷ್ಟೋ ವರ್ಷಗಳ ಹಿಂದೆ ನಮ್ಮ ಹಿಂದೂಪುರದ ಮನೆಯ ಅಂಗಳದಲ್ಲಿ ರಾಶಿ ಬಿದ್ದಿರುತ್ತಿದ್ದ ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿದಂತಾಯಿತು...

“ಅಜ್ಜಿ, ಲೈಬ್ರರೀಲಿ ಸಿಕ್ಕಿದ ಹಳೇ ಪುಸ್ತಕದ್ದು ಇದು. ಕೆಳಗೆ ನಿನ್ ಹೆಸರೈತೆ ನೋಡು!” ಎಂದಳು. ಅವಳು ನಮ್ಮ ಕಡೆಯ ಕತೆಗಳ ಮೇಲೆ ಎಂ.ಎ.ಗೆ ಪ್ರಬಂಧ ಬರೆಯುತ್ತಿದ್ದಾಳೆ. ಹಾಳೆಯ ಕೊನೆಯಲ್ಲಿ ‘ಹೇಳಿದವರು’ ಎಂದು ನನ್ನ ಹೆಸರಿತ್ತು. ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ ‘ಕಲಿತದ್ದು: ತಾಯಿಯಿಂದ, ಗೋರಂಟ್ಲ’.

ತಾನು ಎಲ್ಲೆಲ್ಲಿಂದ ಏನು ತೆಗೆದುಕೊಂಡಿದ್ದೇನೆಂದು ಅವಳು ಪ್ರಬಂಧದ ಕೊನೆಯಲ್ಲಿ ಪಟ್ಟಿ ಹಾಕಬೇಕಂತೆ. ಪುಸ್ತಕವಾದರೆ ಬರೆದವರ ಹೆಸರು, ಅಚ್ಚಾದ ವರ್ಷ, ಪುಟ. ಪೇಪರಾದರೆ ತಾರೀಖು. ನೆಟ್ಟಿನಲ್ಲಿ ನೋಡಿದ್ದಾದರೆ ನೋಡಿದ ದಿನವೂ ಬೇಕಂತೆ. ನಾನು ಸುಮ್ಮನೆ ಕೇಳಿದೆ, “ಬಾಯಿ ಮಾತಿಗೂ ಬರೀಬೇಕಾ?”

“ಅದಕ್ಕೇ ಮೊದ್ಲು ಬರೀಬೇಕಜ್ಜಿ. ಪುಸ್ತಕ ಹುಡುಕಿದ್ರೆ ಸಿಗ್ತದೆ. ಮನುಷ್ರು ಸಿಗ್ತಾರಾ?”

ಆ ರಾತ್ರಿ ಹಾಳೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಮಾವ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಸುಗ್ಗಿ ಬಂತೆಂದರೆ ಹತ್ತು ಹನ್ನೆರಡು ಹೆಂಗಸರು ಅಂಗಳದಲ್ಲಿ ಕೂತು ಸಿಪ್ಪೆ, ನಾರು, ಬೀಜ ಬಿಡಿಸುತ್ತಿದ್ದರು. ಅವರಲ್ಲಿ ಒಬ್ಬಳು ಕಲ್ಯಾಣದುರ್ಗದಿಂದ ಬರುತ್ತಿದ್ದಳು. ಸುಗ್ಗಿ ಮುಗಿಯುವವರೆಗೂ ನಮ್ಮ ಬೀದಿಯ ಕೊನೆಯಲ್ಲಿದ್ದ ನೆಂಟರ ಮನೆಯಲ್ಲಿ ಇರುತ್ತಿದ್ದಳು. ಎಲ್ಲರೂ ದುರ್ಗದಕ್ಕ ಎನ್ನುತ್ತಿದ್ದೆವು. ಕತೆ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಕೈ ನಿಲ್ಲಿಸಿದವರಿಗೆ ಒಂದು ಚುಚ್ಚು: “ಬಾಯಿ ಬಿಟ್ಕಂಡು ಕೇಳ್ಬೇಡ ಕಣೇ, ಬೀಜ ಒಳಗೋದಾತು!”

ಇರುವೆಯ ಕತೆ ಅವಳದು. ಇರುವೆಯೊಂದು ಬಳೆಗಾರನ ಹತ್ತಿರ ಹೋಗಿ ಬಳೆ ತೊಡಿಸು ಎನ್ನುತ್ತದೆ. ಯಾವ ಬಳೆಯೂ ನಿಲ್ಲುವುದಿಲ್ಲ. ಕೊನೆಗೆ ಅವನು ರಾಗಿ ಹುಲ್ಲಿನ ಎಳೆ ಸೀಳಿ ಆರು ಕಾಲಿಗೆ ಆರು ಬಳೆ ಮಾಡಿಕೊಡುತ್ತಾನೆ. ದಾರಿಯಲ್ಲಿ ತಂಗಿ ಇರುವೆ ಅಳುತ್ತಾ ಕೂತಿರುತ್ತದೆ. ಅಕ್ಕ ಮೂರು ಬಳೆ ಬಿಚ್ಚಿ ಕೊಡುತ್ತದೆ. ಅದಕ್ಕೇ ಇವತ್ತಿಗೂ ಇರುವೆಗಳು ಎದುರಾದಾಗ ನಿಂತು ಮುಖಕ್ಕೆ ಮುಖ ತಾಗಿಸಿ, ನಿನ್ನ ಬಳೆ ನೆಟ್ಟಗಿವೆಯಾ ಎಂದು ಕೇಳಿಕೊಳ್ಳುತ್ತವಂತೆ.

ಒಂದು ವರ್ಷ ಸುಗ್ಗಿ ಮುಗಿದು ಹೆಂಗಸರೆಲ್ಲ ಹೋದ ಮೇಲೆ, ಯಾವುದೋ ಕಾಲೇಜಿನ ಮೇಷ್ಟ್ರೊಬ್ಬರು ಟೇಪ್ ರೆಕಾರ್ಡರ್ ಹಿಡಿದು ಜನಪದ ಕತೆ ಕೂಡಿಸಲು ಮನೆಮನೆ ತಿರುಗುತ್ತಾ ನಮ್ಮಲ್ಲಿಗೂ ಬಂದರು. ನಾನು ತಲೆ ತಗ್ಗಿಸಿಕೊಂಡೇ ಇರುವೆಯ ಕತೆ ಹೇಳಿದೆ. ಅವರು ನನ್ನ ಹೆಸರು ಬರೆದುಕೊಂಡು, “ಇದನ್ನ ಯಾರಿಂದ ಕಲಿತಿರಮ್ಮ? ಹೆಸರು, ಊರು ಬೇಕು” ಎಂದರು.

ಬಾಗಿಲಲ್ಲಿ ನಮ್ಮತ್ತೆ ನಿಂತಿದ್ದರು. “ನಿಮ್ಮವ್ವ ನಿಂಗೆ ಏನ್ ಕಲಿಸಿ ಕಳಿಸವ್ಳೆ, ಬರೀ ಏಳನೇ ಕ್ಲಾಸು” ಎಂಬುದು ಅವರ ದಿನದ ಮಾತು. ನಾನು ಅವರಿಗೆ ಕೇಳುವ ಹಾಗೆ ಹೇಳಿದೆ, “ನಮ್ಮಮ್ಮನಿಂದ. ಗೋರಂಟ್ಲ.”

ಅಷ್ಟೇ. ಹೆಸರಿಲ್ಲದ ಕೂಲಿಯವಳ ಜಾಗದಲ್ಲಿ ನಮ್ಮಮ್ಮನನ್ನು ಕೂರಿಸಿದೆ. ಇದರಿಂದ ಯಾರಿಗೇನು ನಷ್ಟ ಎಂದುಕೊಂಡೆ.

ಮುಂದಿನ ಸುಗ್ಗಿಯ ಹೊತ್ತಿಗೆ ಪುಸ್ತಕ ಅಚ್ಚಾಗಿ ಅಂಚೆಯಲ್ಲಿ ಬಂತು. ಕಿಟಕಿಯ ಮೇಲಿಟ್ಟಿದ್ದೆ. ನೀರು ಕುಡಿಯಲು ಬಂದ ದುರ್ಗದಕ್ಕ ಅದನ್ನು ತಿರುವಿದಳು. ಅಕ್ಷರ ಬರದವಳು, ಚಿತ್ರ ಕಂಡಳು. “ಅಯ್ಯೋ, ಇರುವೆ ಬಳೆ ತೊಟ್ಟೈತೆ! ಓದಮ್ಮ, ಓದು.”

ತಪ್ಪಿಸಿಕೊಳ್ಳಲಾಗಲಿಲ್ಲ. ಓದಿದೆ. ಮೊದಲೆಲ್ಲ ನಗುತ್ತಿದ್ದವಳು ತಂಗಿ ಇರುವೆ ಬಂದ ಕೂಡಲೇ ಚೊಂಬು ಕೆಳಗಿಟ್ಟಳು.

“ತಂಗಿ ಇರುವೇನ ನಮ್ಮವ್ವ ಸೇರಿಸಿದ್ದು ಕಣಮ್ಮ. ನಾನೂ ನಮ್ಮ ತಿಪ್ಪಿನೂ ಬಳೆಗೆ ಕಿತ್ತಾಡ್ತಿದ್ವಿ ಅಂತ, ನಮ್ಮಿಬ್ರಿಗೇ ಅಂತ ಕಟ್ಟಿದ್ದು. ಇಲ್ಲಿ ಕೂತು ಕೇಳಿದೋರ್ನ ಬಿಟ್ರೆ ಬ್ಯಾರೆ ಯಾರ್ಗೂ ಗೊತ್ತಿಲ್ಲ.” ಆಮೇಲೆ ಹಾಳೆಯ ಮೇಲೆ ಬೆರಳಿಟ್ಟಳು. “ಕೆಳಗೆ ಸಣ್ಣಕ್ಷರ ಐತಲ್ಲ, ಅದೇನು?”

ನನ್ನ ಹೆಸರು ಬಿಟ್ಟೆ. ‘ತಾಯಿಯಿಂದ’ ಎಂಬುದನ್ನೂ ಬಿಟ್ಟೆ. “ಗೋರಂಟ್ಲ” ಎಂದು ಮಾತ್ರ ಓದಿದೆ. ಅದು ನನ್ನ ತವರೂರೆಂದು ಅವಳಿಗೆ ಗೊತ್ತಿರಲಿಲ್ಲ.

ಅವಳ ತಂಗಿ ತಿಪ್ಪಕ್ಕ ಕಲ್ಲು ಒಡೆಯುವವನನ್ನು ಮದುವೆಯಾಗಿ, ಅವನ ಜೊತೆ ಊರೂರು ತಿರುಗುತ್ತಾ ಕಣ್ಮರೆಯಾಗಿದ್ದಳಂತೆ. ಬದುಕಿದ್ದಾಳೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ಗೋರಂಟ್ಲದಲ್ಲಿ ಈ ಕತೆ ಹೇಳಬಲ್ಲವಳು ತಿಪ್ಪಿ ಒಬ್ಬಳೇ ಎಂದುಕೊಂಡ ದುರ್ಗದಕ್ಕನಿಗೆ, ನಾನು ಓದಿದ ಆ ಒಂದು ಮಾತಿನಿಂದ ತಂಗಿ ಬದುಕಿದಂತಾಯಿತು. ಭಾನುವಾರ ಬೆಳಗ್ಗೆಯೇ ಗೋರಂಟ್ಲದ ಬಸ್ಸು ಹತ್ತಿದಳು. ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳಿಕೊಟ್ಟವಳೂ ನಾನೇ.

ಸಂಜೆ ಬಂದಾಗ ಮೊಣಕಾಲವರೆಗೆ ಧೂಳು. ಆದರೂ ನಗುತ್ತಲೇ ಇದ್ದಳು. “ಮೂರು ಜನ ತಿಪ್ಪಕ್ಕಂದಿರು ಸಿಕ್ಕಿದ್ರು ಕಣಮ್ಮ. ಒಬ್ಳು ನಂಗೆ ಮುದ್ದೇನೂ ಇಕ್ಕಿ ಕಳಿಸಿದ್ಲು. ನಮ್ಮವಳೊಬ್ಳು ಬಿಟ್ಟು ಎಲ್ಲಾ ಅವ್ರೆ ಅಲ್ಲಿ.”

“ಅಕ್ಕ...” ಎಂದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಏನಮ್ಮ?”

ಒಳಗಿಂದ ನಮ್ಮತ್ತೆ ಕೆಮ್ಮಿದರು. “ಊಟ ಆಯ್ತಾ ಅಂದೆ” ಎಂದುಬಿಟ್ಟೆ.

ಮುಂದಿನ ಭಾನುವಾರವೂ ಹೋದಳು. ಅದರ ಮುಂದಿನದಕ್ಕೂ. ಕೂಲಿಯೆಲ್ಲ ಬಸ್ಸಿಗೇ ಹೋಗುತ್ತಿದೆ ಎಂದು ಜೊತೆಯ ಹೆಂಗಸರು ಆಡಿಕೊಂಡರು. ನಾನು ಬಾಯಿ ಬಿಡಲಿಲ್ಲ. ನಾಚಿಕೆ ಸ್ವಭಾವದವಳು ಎಂದು ನನ್ನನ್ನು ಎಲ್ಲರೂ ಹೊಗಳುತ್ತಿದ್ದ ಕಾಲ ಅದು. ಅದು ನಾಚಿಕೆಯಲ್ಲ, ಹೇಡಿತನ ಎಂದು ನನಗೆ ಆಗಲೇ ಗೊತ್ತಿತ್ತು.

ಸುಗ್ಗಿ ಮುಗಿದು ಊರಿಗೆ ಹೊರಟ ದಿನ ಅವಳು ನನ್ನ ಕೈ ಹಿಡಿದುಕೊಂಡಳು. “ಬರೋ ವರ್ಸ ಸೋಮಂದೇಪಲ್ಲಿ ಕಡೆ ಕೇಳ್ತೀನಿ. ಹೆಂಗೂ ಈ ದಿಕ್ನಾಗೇ ಅವ್ಳೆ ಅಂತ ಗೊತ್ತಾತಲ್ಲ. ನೀನು ಓದಿ ಹೇಳಿದ್ದಕ್ಕೆ ಕಣಮ್ಮ, ಇಲ್ದಿದ್ರೆ ನಂಗೆ ಹೆಂಗೆ ತಿಳೀತಿತ್ತು?” ಎಂದಳು.

ಬರುವ ವರ್ಷ ಅವಳು ಬರಲಿಲ್ಲ. ಅದರ ಮುಂದಿನ ವರ್ಷವೂ... ಅಷ್ಟರಲ್ಲಿ ಆ ನೆಂಟರೂ ಮನೆ ಖಾಲಿ ಮಾಡಿದ್ದರು. ನಿಮ್ಮ ತಾತ ಸಂತೆಗೆಂದು ಕಲ್ಯಾಣದುರ್ಗಕ್ಕೆ ಹೋಗುವಾಗ ವಿಚಾರಿಸಿ ಎನ್ನಬೇಕೆಂದುಕೊಳ್ಳುತ್ತಿದ್ದೆ. ಯಾಕೆ ಎಂದು ಅವರು ಕೇಳಿದರೆ ಏನು ಹೇಳಲಿ ಎಂದು ಅದನ್ನೂ ನುಂಗಿಕೊಂಡೆ. ಅವರು ತೀರಿಕೊಂಡೂ ಒಂಬತ್ತು ವರ್ಷವಾಯಿತು. ಅವರಿಗೂ ಇದು ಗೊತ್ತಿರಲಿಲ್ಲ.

ಹಾಳೆ ಬಂದ ಎರಡು ದಿನಕ್ಕೆ ಮೊಮ್ಮಗಳಿಗೆ ಎಲ್ಲ ಹೇಳಿದೆ. ಅವಳು ಪೆನ್ನು ಕೈಗೆತ್ತಿಕೊಂಡು, “ಅವರ ಹೆಸರೇನಜ್ಜಿ?” ಎಂದಳು. ತಂಗಿಯ ಹೆಸರು ಗೊತ್ತು. ಅವಳದು ಗೊತ್ತಿಲ್ಲ. ಐದು ಸುಗ್ಗಿ ನಮ್ಮ ಅಂಗಳದಲ್ಲಿ ಕೂತವಳ ಹೆಸರನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ನನ್ನನ್ನು ಉಳಿಸಲು ಮೊಮ್ಮಗಳು ಒಂದು ದಾರಿ ಹುಡುಕಿದಳು. “‘ಹಳೇ ಪುಸ್ತಕದಲ್ಲಿ ತಪ್ಪಾಗಿ ಅಚ್ಚಾಗಿದೆ’ ಅಂತ ಹಾಕ್ತೀನಿ ಬಿಡಜ್ಜಿ.”

“ಅಚ್ಚು ಹಾಕಿದೋರು ಏನ್ ತಪ್ಪು ಮಾಡವ್ರೆ? ನಾನು ಸುಳ್ಳು ಹೇಳಿದ್ದು ಅಂತಲೇ ಹಾಕು” ಎಂದೆ.

ಹಾಗೆಯೇ ಬರೆದಳು. ಕತೆ ಕಲ್ಯಾಣದುರ್ಗದ ಒಬ್ಬ ಕೂಲಿ ಹೆಂಗಸಿನದು, ತಿಪ್ಪಕ್ಕನ ಅಕ್ಕನದು ಎಂದೂ ಸೇರಿಸಿದಳು. ಅವಳ ಮೇಡಂ ಒಪ್ಪಿದ್ದಾರಂತೆ.

ದುರ್ಗದಕ್ಕ ಈಗ ಇರಲಾರಳು. ಇದ್ದರೂ ಈ ಪಟ್ಟಿಯನ್ನು ಅವಳು ಓದಲಾರಳು. ಕೊನೆಯವರೆಗೂ, ತಂಗಿ ಈ ಕಡೆಯೇ ಎಲ್ಲೋ ಇದ್ದಾಳೆ, ಇನ್ನೆರಡು ಊರು ಕೇಳಿದ್ದರೆ ಸಿಗುತ್ತಿದ್ದಳು ಎಂದೇ ಅಂದುಕೊಂಡಿರುತ್ತಾಳೆ. ತಾನು ಸರಿಯಾಗಿ ಹುಡುಕಲಿಲ್ಲವೆಂದು ತನ್ನನ್ನೇ ಬೈದುಕೊಂಡಿರುತ್ತಾಳೆ...